ಷೋಕೇಸಿನಲ್ಲಿಟ್ಟ ಶಾರ್ಡೊನೆ

ಜವರಯ್ಯನವರೇ, ಹೆಲೆನ್ ನಿಮಗೆಂದು ಕೊಟ್ಟ ವೈನ್ ಬಾಟಲಿಯನ್ನು ನಾನು ನಿಮಗೆ ತಲುಪಿಸಲಿಲ್ಲ. ಕದ್ದೆ. ಆ ಒಂದು ಪದ ಬರೆಯಲು ನನಗೆ ಎಂಟು ವರ್ಷ ಬೇಕಾಯಿತು — ಕಾಲೇಜಿನಲ್ಲಿ ಜೀವನವಿಡೀ ಇತಿಹಾಸ ಪಾಠ ಮಾಡಿದ ಮಹಾನುಭಾವ ನಾನು.

ನುಗ್ಗೇಹಳ್ಳಿ ಗುಡಿಯ ಶಿಲ್ಪಗಳನ್ನು ಅಳೆದು ಬರೆದುಕೊಳ್ಳಲು ಆಕೆ ನ್ಯೂಜಿಲೆಂಡಿನಿಂದ ಬಂದಾಗ ನಾನು ದುಭಾಷಿಯಾಗಿ ಜೊತೆಯಾದೆ, ನೀವು ಏಣಿ ಹಿಡಿದಿರಿ. ಎರಡು ತಿಂಗಳು, ಬಿಸಿಲಿನಲ್ಲಿ. ನಾನು ನೆರಳಿನಲ್ಲಿ ಕುರ್ಚಿ ಹಾಕಿಕೊಂಡಿದ್ದೆ. ಮಧ್ಯಾಹ್ನ ನಿಮ್ಮ ಮನೆಯಿಂದಲೇ ಅವಳಿಗೆ ಮುದ್ದೆ, ಅವರೆಕಾಳು ಸಾರು. ಮರುವರ್ಷ ಒಂದೇ ದಿನದ ಮಟ್ಟಿಗೆ ಹಾಸನಕ್ಕೆ ಬಂದವಳು, ನಿಮ್ಮೂರಿಗೆ ಹೋಗಲು ಪುರುಸೊತ್ತಿಲ್ಲವೆಂದು ಬಾಟಲಿಯನ್ನು ನನ್ನ ಕೈಗಿತ್ತಳು. ಶಾರ್ಡೊನೆ ಅಂತೆ, ಬಿಳಿ ದ್ರಾಕ್ಷಿಯದು. ಕಡಲ ದಂಡೆಯಲ್ಲಿ ಅವರ ಮನೆಯವರದೇ ತೋಟ. ಅಪ್ಪ, ಅಮ್ಮ, ತಮ್ಮ ಸೇರಿ ಬಿಡಿಸಿದ ಹಣ್ಣು. ಬಾಟಲಿಯ ಕತ್ತಿಗೆ ಕಟ್ಟಿದ ಚೀಟಿಯಲ್ಲಿ, ನಾನೇ ಕಲಿಸಿದ ಸೊಟ್ಟ ಕನ್ನಡದಲ್ಲಿ, ನಿಮ್ಮ ಹೆಸರಿತ್ತು. ನನಗೆ ತಂದದ್ದು ಒಂದು ಪೆನ್ನು.

ಪೆನ್ನು — ಅದಕ್ಕೇ ಹೊಟ್ಟೆ ಉರಿದದ್ದು. ತೆಂಗಿನಮರ ಹತ್ತುವವನಿಗೆ ವೈನು, ವಿದ್ವಾಂಸನಿಗೆ ಪೆನ್ನು? ಅವನಿಗೇನು ಗೊತ್ತು ಇದರ ರುಚಿ — ಇದೇ ಮಾತುಗಳಲ್ಲಿ ಅಂದುಕೊಂಡೆ. ಬಸ್ಸು ಚನ್ನರಾಯಪಟ್ಟಣ ಮುಟ್ಟುವ ಮೊದಲೇ ಚೀಟಿ ಹರಿದಿದ್ದೆ. ನಿಮಗೆ ಬಸ್ ಸ್ಟ್ಯಾಂಡ್ ಪಕ್ಕದ ಅಂಗಡಿಯ ಟವೆಲ್ಲೊಂದನ್ನು, ಹೆಲೆನ್ ಕಳಿಸಿದ್ದೆಂದು ಕೊಟ್ಟೆ. ನೀವು ಅದನ್ನು ಹೆಗಲಿಗೆ ಹಾಕಿಕೊಂಡು "ಫಾರಿನ್ ಟವಲ್ ಕಣ್ಲಾ" ಎಂದು ಊರಿಗೆಲ್ಲ ತೋರಿಸಿದಿರಿ.

ಹೋಗಲಿ, ಕದ್ದವನು ಕುಡಿದನೇ? ಅದೂ ಇಲ್ಲ. ಕುಡಿಯುವ ಧೈರ್ಯವಿಲ್ಲ, ತೋರಿಸಿಕೊಳ್ಳುವ ಚಪಲ ಮಾತ್ರ ಬೇಕಾದಷ್ಟು. ಷೋಕೇಸಿನಲ್ಲಿ, ಸನ್ಮಾನದ ಫಲಕಗಳ ನಡುವೆ ನಿಲ್ಲಿಸಿದೆ. ಫಾರಿನ್ ವೈನು, ಇಟ್ಟಷ್ಟೂ ಒಳ್ಳೆಯದು ಎಂದು ಬಂದವರಿಗೆಲ್ಲ ವಿವರಣೆ ಬೇರೆ. ದಿನಾ ಸಂಜೆ ಬಿಸಿಲು ನೇರ ಅದರ ಮೇಲೆಯೇ ಬೀಳುತ್ತಿತ್ತು. "ಎಣ್ಣೆ ಬಾಟ್ಲಿಗೆ ದಿನಾ ಧೂಳು ಒರೆಸ್ಬೇಕಲ್ರೀ ನಾನು, ಎತ್ತಿಡ್ರೀ ಅತ್ಲಾಗೆ" ಎಂದು ಹೆಂಡತಿ ಗೊಣಗಿದರೂ ಕೇಳಲಿಲ್ಲ. ಹೊಂಬಣ್ಣದ ವೈನು ಕೆಟ್ಟು ಕಾಫಿ ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗಿತು. ನಿಮಗೂ ಇಲ್ಲ, ನನಗೂ ಇಲ್ಲ.

ಎರಡು ವರ್ಷದ ಮೇಲೆ ಹೆಲೆನ್ ಮತ್ತೆ ಬಂದಳು, ನಿಮ್ಮನ್ನೂ ಕರೆದುಕೊಂಡು ನೇರ ನಮ್ಮ ಮನೆಗೆ. ಒಂದು ಫೋನ್ ಮಾಡಿ ಬರಬಾರದಿತ್ತೇ — ನೋಡಿ, ಈಗಲೂ ಅವಳ ಮೇಲೇ ಸಿಟ್ಟು. ಷೋಕೇಸಿನ ಮುಂದೆ ನಿಂತು, "ಇದು ಜವರಯ್ಯನಿಗೆ ಕೊಟ್ಟಿದ್ದು, ಅಲ್ವಾ?" ಎಂದಳು. ನೀವು ಬಾಟಲಿ ನೋಡಿದಿರಿ, ನನ್ನನ್ನು ನೋಡಿದಿರಿ, ಆಮೇಲೆ ಹೆಗಲ ಮೇಲಿನ ಟವೆಲ್ಲನ್ನು ಮುಟ್ಟಿ ನೋಡಿಕೊಂಡಿರಿ.

"ನಾನೇ ಇಲ್ಲಿಡಿ ಅಂದಿದ್ದು ಕಣವ್ವ. ನಮ್ಮನೇಲಿ ಉಡುಗ್ರು ಒಡ್ದಾಕ್ಬುಟ್ಟಾರು ಅಂತ."

ಅವಳು ನಕ್ಕಳು. ನಾನೂ ನಕ್ಕೆ — ನಾಚಿಕೆಯಿಲ್ಲದೆ. ಹೊರಡುವಾಗ ಬಾಟಲಿ ಕೊಡಹೋದರೆ "ಇರ್ಲಿ ಬುಡಿ ಸಾ" ಎಂದಿರಿ.

ನಿಮ್ಮದು ದೊಡ್ಡ ಮನಸ್ಸು, ಕ್ಷಮಿಸಿಬಿಟ್ಟಿರಿ ಎಂದುಕೊಂಡು ಇಷ್ಟು ವರ್ಷ ಹಾಯಾಗಿದ್ದೆ. ಮೊನ್ನೆ ಬಸ್ಸಿನಲ್ಲಿ ನಿಮ್ಮ ಮಗಳು ಸಿಕ್ಕಿ, ತಾನೇ ಗುರುತು ಹೇಳಿಕೊಂಡಳು. ಈಗ ಕೊಣನೂರಿನಲ್ಲಿ ಟೀಚರಂತೆ. "ಫೈನಲ್ ಇಯರ್ ನಿಮ್ಮ ಕ್ಲಾಸಲ್ಲೇ ಇದ್ದೆ ಸರ್" ಎಂದು ನಗುತ್ತಲೇ ಹೇಳಿದಳು. "ಅಪ್ಪ ದಿನಾ ಹೇಳೋದು, ಸಾ ಎದುರ್ಗೆ ಏನೂ ಮಾತಾಡ್ಬ್ಯಾಡ ಕಣವ್ವ, ಮಾರ್ಕ್ಸು ಅವ್ರ ಕೈಲದೆ ಅಂತ."

ಯಾವ ವರ್ಷ ಎಂದು ಕೇಳಿದೆ. ಹೆಲೆನ್ ನಮ್ಮ ಮನೆಗೆ ಬಂದ ಅದೇ ವರ್ಷ.

ಅಂದರೆ ಅದು ಕ್ಷಮೆಯಲ್ಲ — ನೀವು ನನಗೆ ಹೆದರಿದ್ದು. ಕದ್ದವನು ನಾನು, ಬಾಯಿ ಕಟ್ಟಿಕೊಂಡವರು ನೀವು, ಮಗಳಿಗಾಗಿ. ಇದು ಆ ದಿನವೇ ನನಗೆ ಹೊಳೆಯಬಾರದಿತ್ತೇ —

ಹೆಲೆನ್‌ಗೆ ನಿಜ ಬರೆದು ಕಳಿಸಿದ್ದೇನೆ. ಭಾನುವಾರ ನಿಮ್ಮ ಮನೆಗೆ ಬರುತ್ತೇನೆ. ನಿವೃತ್ತನಾಗಿದ್ದೇನೆ, ಯಾರ ಮಾರ್ಕ್ಸೂ ನನ್ನ ಕೈಯಲ್ಲಿಲ್ಲ. ಆವತ್ತು ನನಗೆ ಏನು ಹೇಳಬೇಕೆನಿಸಿತ್ತೋ ಅದನ್ನು ಹೇಳಿ. ಊರವರ ಎದುರಿಗೇ ಹೇಳಿ.