ಚೀಟಿಯಕ್ಕ ತಂದ ಬೆಳಕು

ಕಾಡಿನ ಗೇಟು ದಾಟುವ ಮೊದಲು ಚೀಟಿಯಕ್ಕ ಚಪ್ಪಲಿ ಕಳಚಿಡುತ್ತಾಳೆ. ಭಕ್ತಿಯೇನಲ್ಲ. ಸಸಿ ತಾಕಿದರೆ ಬರಿಗಾಲಿಗೆ ಗೊತ್ತಾಗುತ್ತದೆ, ಚಪ್ಪಲಿಗೆ ಗೊತ್ತಾಗುವುದಿಲ್ಲ. ಕಾಲಿಗೆ ಚುಚ್ಚಿದ ಮುಳ್ಳನ್ನು ಕೀಳಬಹುದು, ಮುರಿದ ಸಸಿಯನ್ನು ಅಂಟಿಸಲಾದೀತೇ?

ಕಾಡಿನ ಅಧ್ಯಯನ ಮಾಡುವ ಕಚೇರಿಯೊಂದರಲ್ಲಿ ಅವಳಿಗೆ ಕೆಲಸ. ಬಿದ್ದ ಬೀಜದಿಂದ ತಾನಾಗಿ ಎದ್ದ ಮರದ ಮರಿಗಳಿಗೆ ನಂಬರು ಕೊರೆದ ತಗಡಿನ ಚೀಟಿ ಕಟ್ಟಬೇಕು. ಪ್ರತಿ ಸುತ್ತಿನಲ್ಲೂ ಎತ್ತರ ಅಳೆದು, ಎಲೆ ಎಣಿಸಿ, ಇದೆಯೋ ಹೋಯಿತೋ ಹೇಳಬೇಕು. ಅಳೆಯಲು ಗಂಡನ ಸವೆದ ಟೇಪು. ಅವನು ಟೈಲರ್. ಮನೆಯ ಮುಂದಿನ ಕೋಣೆಯೇ ಅವನ ಅಂಗಡಿ.

"ನಾನು ಅಳತೆ ತಗೊಂಡ್ರೆ ಜನ ಮುಂದಿನ ಸಲ ದಪ್ಪ ಆಗಿ ಬರ್ತಾರೆ. ನಿನ್ನ ಗಿರಾಕಿಗಳು ಹಾಗೇ ಇರ್ತಾವಲ್ಲೇ ಮಾರಾಯ್ತಿ!" ಎಂದು ಅವನು ರೇಗಿಸುತ್ತಾನೆ.

"ನಿನ್ನ ಗಿರಾಕಿಗಳ ಹಾಗೆ ಜಗಳಕ್ಕಾದ್ರೂ ಬರಲ್ಲವಲ್ಲ," ಎನ್ನುತ್ತಾಳೆ ಅವಳು.

ಚೀಟಿ ಕಟ್ಟಿದ ಜಾಗ ಮೂರು. ಹಳ್ಳದ ದಂಡೆಯಲ್ಲಿ ನೀರಿಗೆ ಬರವಿಲ್ಲ. ಸಸಿಗಳು ಹಿಂಡುಹಿಂಡಾಗಿ ಏಳುತ್ತವೆ, ಒಂದು ನೆರೆ ಬಂದರೆ ಹಿಂಡಿಗೆ ಹಿಂಡೇ ಮರಳಿನಡಿ ಸೇರುತ್ತದೆ. ಗುಡ್ಡದ ನೆತ್ತಿಯಲ್ಲಿ ಬೆಳಕಿಗೆ ಬರವಿಲ್ಲ, ನೀರಿಗಿದೆ. ಅಲ್ಲಿನವು ಚಿಕ್ಕ ದಪ್ಪ ಎಲೆಯ ಜಿಪುಣರು. ಬೇಸಿಗೆಯಲ್ಲಿ ಎಲೆ ಉದುರಿಸಿ ಸತ್ತಂತೆ ನಟಿಸಿ, ಬೇರನ್ನು ಮಾತ್ರ ಕೆಳಗೆ ಕೆಳಗೆ ಕಳಿಸುತ್ತಿರುತ್ತವೆ.

ಮೂರನೆಯದು ನಡುಗಾಡು. ದೊಡ್ಡ ಮರಗಳ ಕೆಳಗೆ ಹಗಲೂ ಹಸಿರು ಮಬ್ಬು, ನೀರಿನ ತಳದಲ್ಲಿ ಕೂತ ಹಾಗೆ. ಎಲ್ಲೋ ಮೇಲಿಂದ ಒಂದು ಬಿಸಿಲ ಚುಕ್ಕೆ ಇಳಿದು, ಒಂದು ಎಲೆಯ ಮೇಲೆ ಸ್ವಲ್ಪ ಹೊತ್ತು ಕೂತು, ಪಕ್ಕದ ಎಲೆಗೆ ದಾಟಿ ಮಾಯವಾಗುತ್ತದೆ. ಅಷ್ಟೇ ಆ ದಿನದ ಊಟ. ಇಲ್ಲಿನ ಸಸಿಗಳಿಗೆ ಬೆರಳೆಣಿಕೆಯ ಎಲೆ, ಅಗಲವಾಗಿ, ಹಿಂದಿಟ್ಟ ಬೆರಳು ಕಾಣುವಷ್ಟು ತೆಳ್ಳಗೆ. ವರ್ಷಗಳಿಂದ ಅದೇ ಎತ್ತರ. ಮೇಲಿನ ಮುದಿ ಮರ ಯಾವಾಗಲೋ ಬಿದ್ದೀತು ಎಂದು ಕಾಯುತ್ತವೆ. ಚೀಟಿಯಕ್ಕನ ಮಗಳು ಶಾಲೆಗೆ ಸೇರಿದ ವರ್ಷ ಚೀಟಿ ಕಟ್ಟಿಸಿಕೊಂಡವು, ಮಗಳಿಗೆ ಮಗು ಹುಟ್ಟಿದಾಗಲೂ ಮೊಣಕಾಲಿನ ಮಟ್ಟಕ್ಕೇ ಇದ್ದವು. ಚೀಟಿ ಓದಲು ಕೂತವಳು ಕೆಲವೊಮ್ಮೆ ಹಾಗೇ ಕೂತುಬಿಡುತ್ತಿದ್ದಳು. ಎದ್ದಾಗ ತಾನು ನಿದ್ದೆ ಮಾಡಿದ್ದೆನೋ ಇಲ್ಲವೋ ಅವಳಿಗೇ ಗೊತ್ತಿರುತ್ತಿರಲಿಲ್ಲ.

ಆ ಮಬ್ಬಿನೊಳಗೆ ಒಂದು ದಿನ ಸುದ್ದಿ ಬಂತು. ಅರಣ್ಯ ಇಲಾಖೆಯ ದೊಡ್ಡ ಸಾಹೇಬರಿಗೆ ಪ್ರವಾಸಿಗರ ಕಾಲುದಾರಿ ಬೇಕಾಗಿತ್ತು. ನಡುಗಾಡಿನ ಸಸಿಗಳು ಬೆಳೆಯುತ್ತಲೇ ಇಲ್ಲವಂತೆ, ಜಾಗ ದಂಡವಂತೆ.

ಬೆಳೆಯದೆ ಇರುವುದು ತಪ್ಪು ಎಂದು ಯಾವ ಕಾನೂನಿನಲ್ಲಿ ಬರೆದಿದೆ ಸ್ವಾಮಿ? ಸಾಯದೆ ಉಳಿಯುವುದೇ ಹಗಲೂ ಇರುಳೂ ದುಡಿಮೆಯಾಗಿರುವ ಜೀವಗಳಿಗೆ "ಏನು ಸಾಧಿಸಿದೆ?" ಎಂದು ಕೇಳುವ ನಾಲಿಗೆಗೆ ನಾಚಿಕೆ ಬೇಡವೇ? ನಾವು ಮನುಷ್ಯರನ್ನೂ ಹೀಗೇ ಅಳೆಯುತ್ತೇವೆ, ಸಸಿಯನ್ನು ಬಿಟ್ಟೇವೇ?

ಅಧ್ಯಯನ ನಡೆಸುವ ಮೇಡಂ ಒಳ್ಳೆಯವರು. "ಈ ಸಲ ಒಂದಿಷ್ಟು ಬೆಳವಣಿಗೆ ಕಂಡ್ರೆ ಸಾಹೇಬರ ಹತ್ರ ಮಾತಾಡಬಹುದು ಅಕ್ಕ. ಇಲ್ಲಾಂದ್ರೆ ಬಾಯಿ ಬಿಡೋ ಹಾಗಿಲ್ಲ," ಎಂದರು.

ಮಾರನೆಯ ಬೆಳಿಗ್ಗೆ ಚೀಟಿಯಕ್ಕ ಮನೆಯ ಕತ್ತಿ ತಂದು, ನಡುಗಾಡಿನ ಸಸಿಗಳ ಮೇಲೆ ಅಡ್ಡ ಚಾಚಿದ್ದ ಎರಡು ಕೊಂಬೆಗಳನ್ನು ಕಡಿದು ಎಳೆದುಹಾಕಿದಳು. ಸಸಿಗಳಿಗೆ ಏನೂ ಮಾಡದೆ ನೋಡುವುದಷ್ಟೇ ಅವಳ ಕೆಲಸದ ನಿಯಮ. ಗೊತ್ತಿದ್ದೇ ಮುರಿದಳು.

ಬೆಳಕು ಸುರಿಯಿತು. ಮಬ್ಬಿನ ನಡುವೆ ಒಂದು ಬಂಗಾರದ ಕೋಣೆ ಎದ್ದಂತಾಯಿತು. ಧೂಳಿನ ಕಣಗಳೂ ಚಿಟ್ಟೆಗಳಂತೆ ತೇಲಿದವು. ಚೀಟಿಗಳೆಲ್ಲ ಒಟ್ಟಿಗೆ ಮಿನುಗಿದವು. "ಉಣ್ಣಿ ಮಕ್ಕಳಾ, ಹೊಟ್ಟೆ ತುಂಬ ಉಣ್ಣಿ," ಎಂದು ಅವಳು ಗಟ್ಟಿಯಾಗಿಯೇ ಹೇಳಿದಳು.

ಮುಂದಿನ ಸುತ್ತಿಗೆ ಬಂದಾಗ ಎಲೆಗಳು ಬೆಳ್ಳಗಾಗಿದ್ದವು, ಅಂಚು ಸುಟ್ಟು ಕಾಗದದಂತೆ ಮುದುರಿದ್ದವು. ನೆರಳಿಗೆಂದು ಹೆಣೆದುಕೊಂಡ ತೆಳು ಎಲೆಗೆ ಅಷ್ಟು ಬಿಸಿಲನ್ನು ಒಮ್ಮೆಲೇ ಉಣ್ಣಲಾಗಲಿಲ್ಲ. ಎಲ್ಲಿಂದಲೋ ಬಳ್ಳಿಯೊಂದು ಓಡಿಬಂದು ಸಸಿಗಳ ಹೆಗಲೇರಿತ್ತು.

ಮೇಡಂ ಕೊಂಬೆಯ ಗಾಯ ನೋಡಿದರು. "ಯಾರು ಕಡಿದಿದ್ದು?"

"ನಾನೇ ಮೇಡಂ."

"ಅಯ್ಯೋ ಅಕ್ಕಾ... ನೀವಾ?"

"ಹಸಿದಿವೆ ಅಂದ್ಕೊಂಡೆ."

ಮೇಡಂ ಬೈದಿದ್ದರೆ ಚೆನ್ನಾಗಿತ್ತು. ಅವರು ಬೈಯಲಿಲ್ಲ. ಕೈ ಹಾಕಿದ ಸಸಿಗಳು ಇನ್ನು ಅಧ್ಯಯನಕ್ಕೆ ಸೇರುವುದಿಲ್ಲ, ಚೀಟಿ ಬಿಚ್ಚಬೇಕು ಎಂದಷ್ಟೇ ಹೇಳಿದರು. ಕಟ್ಟಿದ ಕೈಯೇ ಬಿಚ್ಚಿತು. ಸೆರಗಿನ ಗಂಟಿನಲ್ಲಿ ತಗಡುಗಳು ಕಿಣಿಕಿಣಿ ಎನ್ನುವಾಗ ಮನೆಯ ಬಾಗಿಲಲ್ಲೇ ಗಂಡ, "ಏನೇ, ಗೆಜ್ಜೆ ಕಟ್ಕೊಂಡು ಬಂದ್ಯಾ?" ಎಂದ. ಅವಳ ಮುಖ ನೋಡಿ ಹೊಲಿಗೆ ಮಷೀನು ನಿಲ್ಲಿಸಿದ.

ಅಷ್ಟಕ್ಕೇ ಮುಗಿಯಲಿಲ್ಲ. ದಾರಿ ನೋಡಲು ಬಂದ ದೊಡ್ಡ ಸಾಹೇಬರು ಅವಳು ತಂದ ಬೆಳಕಿನಲ್ಲಿ ನಿಂತು, "ಆಹಾ, ಜಾಗ ಆಗಲೇ ತೆರವಾಗಿದೆಯಲ್ಲ!" ಎಂದು ಖುಷಿಪಟ್ಟರು. ಕಾಲುದಾರಿ ಅಲ್ಲೇ ಬಂತು. ಸುಸ್ತಾದವರಿಗೆಂದು ಮರದ ಬೆಂಚೂ ಬಂತು. ಸಸಿಗಳನ್ನು ಉಳಿಸಲೆಂದು ಎತ್ತಿದ ಕತ್ತಿ ದಾರಿಗೇ ಬಾಗಿಲು ತೆರೆದಿತ್ತು. ಅವಳ ತಪ್ಪು ಅವಳದೇ, ನಾನು ಮುಚ್ಚಿಡುವುದಿಲ್ಲ. ಆದರೆ ತಪ್ಪು ಮಾಡಿದವಳು ಊಟ ಬಿಟ್ಟಳು, ಲಾಭ ಪಡೆದವರು ಫೋಟೊ ತೆಗೆಸಿಕೊಂಡರು.

ಮಳೆ ಬಂದು ಹೋಯಿತು. ಚೀಟಿಯಿಲ್ಲದ ಸಸಿಗಳನ್ನು ನೋಡಲು ಯಾರೂ ಅವಳಿಗೆ ಹೇಳಿರಲಿಲ್ಲ. ಆದರೂ ನೋಡಿದಳು. ಬೆಂಚಿನ ಕಾಲಿನ ಪಕ್ಕದಲ್ಲೇ, ಸುಟ್ಟ ಕಾಂಡವೊಂದರ ಬುಡದಿಂದ ಹೊಸ ಚಿಗುರು ಎದ್ದಿತ್ತು. ಎಲೆ ಚಿಕ್ಕದು, ದಪ್ಪ. ಈ ಬೆಳಕಿಗೇ ಹೊಲಿಸಿಕೊಂಡ ಅಂಗಿಯ ಹಾಗೆ. ಕೂತವರು ಕಾಲು ಚಾಚಿದರೆ ಅದರ ಕತೆ ಮುಗಿಯಿತು. ಕಿತ್ತು ಬೇರೆಡೆ ನೆಡೋಣವೆಂದರೆ ತಾಯಿಬೇರು ಒಪ್ಪುವುದಿಲ್ಲ.

ಮುಂದಿನ ಸುತ್ತಿಗೆ ಗಂಡನನ್ನೂ ಹೊರಡಿಸಿದಳು. ಗೇಟಿನ ಬಳಿ ಅವನ ಚಪ್ಪಲಿಯನ್ನೂ ಕಳಚಿಸಿ, ಒಳಗೆ ಕರೆದೊಯ್ದು ಬೆಂಚಿನ ಪಕ್ಕದ ಚಿಗುರು ತೋರಿಸಿದಳು.

"ಇದಕ್ಕಾ ಅಂಗಡಿ ಮುಚ್ಚಿಸಿದ್ದು? ತಡಿ, ಒಂದೇ ಏಟಿಗೆ ಬೆಂಚನ್ನ ಆ ಕಡೆ ಎಸೀತೀನಿ."

"ಬೇಡ. ಒಮ್ಮೆಲೇ ಬೇಡ," ಎಂದಳು. "ನಾಲ್ಕು ಬೆರಳು ಸಾಕು, ಯಾರಿಗೂ ಗೊತ್ತಾಗಲ್ಲ."

ಇಬ್ಬರೂ ಎರಡು ತುದಿ ಹಿಡಿದು ಬೆಂಚನ್ನು ಚಿಗುರಿನಿಂದ ಆಚೆಗೆ ನಾಲ್ಕು ಬೆರಳಷ್ಟು ಸರಿಸಿದರು. ಅದರ ಮುಂದಿನ ಸುತ್ತಿನಲ್ಲೂ ಅಷ್ಟೇ. ಈಗಲೂ ಸರಿಸುತ್ತಿದ್ದಾರೆ. ಬೆಂಚು ಕಾಡಿನೊಳಗೆ ಕನಸಿನಲ್ಲಿ ನಡೆಯುವವರ ಹಾಗೆ ನಡೆಯುತ್ತಿದೆ. ಪ್ರವಾಸಿಗರು ಬರುತ್ತಾರೆ, ಕೂರುತ್ತಾರೆ, ಕಾಲು ಚಾಚುತ್ತಾರೆ, ಏಳುತ್ತಾರೆ. ಇಲ್ಲಿ ಏನೂ ಬದಲಾಗುವುದೇ ಇಲ್ಲ ಎಂದು ಹೇಳಿಕೊಂಡು ಹೋಗುತ್ತಾರೆ.