ಸ್ವೆಟರಿನೊಳಗಿದ್ದ ಮಿಂಚು

ಸ್ವೆಟರನ್ನು ತಲೆಯ ಮೇಲಿಂದ ಎಳೆದು ತೆಗೆಯಲು ಕೈ ಎತ್ತಿದ್ದೆ. ಹಿಂದಿನಿಂದ ಯಾರೋ ಮಣಿಕಟ್ಟನ್ನು ಬಿಗಿಯಾಗಿ ಹಿಡಿದರು. ತಿರುಗಿದರೆ ಬಣ್ಣಕ್ಕೆ ತಿನ್ನರ್ ಬೆರೆಸುವ ಹಿರಿಯ ಕೆಲಸಗಾರ. ಎಲ್ಲರಿಗೂ ಅವರು ಚಾಚಾ.

"ಯಹಾಂ ನಹೀಂ, ಬೇಟಾ," ಎಂದರು, ಇಲ್ಲಿ ಬೇಡ.

ದೆಹಲಿಯ ಮೆಟ್ರೊ ಇನ್ನೂ ಗುಡಗಾಂವ್ ಮುಟ್ಟಿರದ ಕಾಲ. ಅದರಾಚೆಯ ಮಾನೇಸರ್‌ನ ಆ ಪೇಂಟ್ ಕಾರ್ಖಾನೆಗೆ ನಾನು ಅರ್ಥಿಂಗ್ ಪರೀಕ್ಷಿಸಲು ಹೋಗಿದ್ದೆ. ತಿನ್ನರ್ ಆವಿ ತುಂಬಿದ ಕೋಣೆಯಲ್ಲಿ ಒಂದು ಕಿಡಿ ಹಾರಿದರೂ ಸಾಕು, ಎಲ್ಲ ಮುಗಿದಂತೆ. ಅದಕ್ಕೇ ಪ್ರತಿ ಡ್ರಮ್ಮಿಗೂ ಪೈಪಿಗೂ ತಂತಿ ಕಟ್ಟಿ ನೆಲಕ್ಕೆ ಸೇರಿಸಿದ್ದರು. ಒಂದನ್ನೂ ಬಿಡದೆ ನೋಡಿ, ಸರಿಯಿದೆ ಎಂದು ಬರೆದು, ಓಡಾಡಿ ಸೆಕೆಯಾಯಿತೆಂದು ಆ ಕೋಣೆಯಲ್ಲೇ ಸ್ವೆಟರಿಗೆ ಕೈ ಹಾಕಿದ್ದೆ.

ಚಾಚಾ ಅಂಗಳದಾಚೆಯ ಖಾಲಿ ಗೋದಾಮಿಗೆ ಕರೆದೊಯ್ದು ಬಾಗಿಲು ಮುಚ್ಚಿದರು. ಒಳಗೆ ಹಗಲಲ್ಲೂ ಕತ್ತಲು. ಈಗ ತೆಗಿ ಎಂದರು. ತೆಗೆದೆ. ಚಟಪಟ ಸದ್ದಿನೊಂದಿಗೆ ಕುತ್ತಿಗೆಯಿಂದ ತೋಳಿನವರೆಗೆ ನೀಲಿ ಕಿಡಿಗಳು ಹರಿದಾಡಿದವು. ದೆಹಲಿಯ ಒಣಚಳಿ ಇಷ್ಟು ದಿನ ನನ್ನ ಮೈಮೇಲೇ ಮಿಂಚನ್ನು ಸಾಕಿತ್ತು.

ತಿನ್ನರ್ ಕೋಣೆಗೆ ಮರಳಿ ಬಂದಾಗ ಚಾಚಾ, ಮೈಯಲ್ಲಿನ ವಿದ್ಯುತ್ತನ್ನು ನೆಲಕ್ಕಿಳಿಸಲು ಬಾಗಿಲ ಬಳಿ ಹಾಕಿದ್ದ ತಾಮ್ರದ ಫಲಕಕ್ಕೆ ಅಂಗೈ ಒತ್ತಿ ಒಳಹೊಕ್ಕರು. ಎಷ್ಟೋ ಕೈಗಳು ದಿನವೂ ಮುಟ್ಟಿ ಅದರ ನಡುಭಾಗ ಕನ್ನಡಿಯಂತೆ ಹೊಳೆಯುತ್ತಿತ್ತು. ಬೆಳಿಗ್ಗೆ ಅದರ ತಂತಿಯನ್ನೂ ಪರೀಕ್ಷಿಸಿದ್ದೆ. ಫಲಕವನ್ನು ಮಾತ್ರ ಮುಟ್ಟಿರಲಿಲ್ಲ.

ಈಗಲೂ ಚಳಿಗಾಲದಲ್ಲಿ ಸ್ವೆಟರ್ ತೆಗೆಯುವ ಮುನ್ನ ದೀಪ ಆರಿಸುತ್ತೇನೆ. ಕಿಡಿಗಳು ಹಾರಿದಾಗಲೆಲ್ಲ ಮಣಿಕಟ್ಟಿನ ಮೇಲೆ ಆ ಒರಟು ಬೆರಳುಗಳು ಮತ್ತೆ ಬಿಗಿಯುತ್ತವೆ.