ಮೀನಿಗೆ ಹೋಳಿಗೆಯ ಕಣಕ

ಮೀನು ಸಿಗದೇ ಹೋದದ್ದಕ್ಕೆ ನಮ್ಮ ಯಜಮಾನರ ಕೈ ಕಾರಣವಲ್ಲ, ನನ್ನ ಹಿಟ್ಟು ಕಾರಣ. ಒಪ್ಪಿಕೊಳ್ಳುವುದಕ್ಕೆ ನನಗೆ ಒಂದು ದಿನ ಹಿಡಿಯಿತು, ಅಷ್ಟೆ.

ಲಕ್ವ ಹೊಡೆದು ಅವರ ಬಲಗೈ ಸೋತು ಆರು ತಿಂಗಳಾಗಿತ್ತು. ಡಾಕ್ಟರು ಕೊಟ್ಟ ರಬ್ಬರ್ ಚೆಂಡು ಒತ್ತಿ ಅಂದರೆ, "ನಾನೇನು ಮಗೂನಾ?" ಅಂತ ಮಂಚದ ಕೆಳಗೆ ಉರುಳಿಸುತ್ತಿದ್ದರು. ಕೊನೆಗೆ ಕೆಳಗಿನ ಮನೆಯ ಆಟೋ ನಾಗರಾಜ, "ಸಾರ್, ಗಾಳ ಹಾಕೋಕೆ ಬರ್ತೀರಾ?" ಅಂದ. ಊರಾಚೆ, ಕಲ್ಲು ಒಡೆದು ಬಿಟ್ಟುಹೋದ ಕ್ವಾರಿಯಲ್ಲಿ ನೀರು ನಿಂತು, ಅಂಗೈಯಗಲದ ಜಿಲೇಬಿ ಮೀನು ತುಂಬಿವೆಯಂತೆ. ಇವರು ಆವತ್ತು ತಾವಾಗಿಯೇ ಎದ್ದು ಚಪ್ಪಲಿ ಹುಡುಕಿದರು.

ಬಸವನಗುಡಿಯಲ್ಲಿ ಪಕ್ಕದ ಮನೆಯವರು ಮೊಟ್ಟೆ ಬೇಯಿಸಿದರೂ ಕಿಟಕಿ ಮುಚ್ಚುವ ಮನೆ ನಮ್ಮದು. ಹಿಡಿದು ಬಿಟ್ಟುಬಿಡುವುದು ಅಂತ ಒಪ್ಪಂದವಾಯಿತು. ತುಟಿ ಚುಚ್ಚಿ ಬಿಡುವುದರಲ್ಲಿ ಏನು ಪುಣ್ಯವೋ, ಮೀನನ್ನೇ ಕೇಳಬೇಕು. ಎರೆಹುಳು ಮುಟ್ಟುವುದಿಲ್ಲ ಅಂದರು ಇವರು. ಹಿಟ್ಟಾದರೆ ನಾನಿದ್ದೇನಲ್ಲ! ಹೋಳಿಗೆಯ ಕಣಕ ಅಂದರೆ ನಮ್ಮ ಬೀದಿಗೆಲ್ಲ ನನ್ನದೇ. ಮೈದಾಹಿಟ್ಟಿಗೆ ಧಾರಾಳವಾಗಿ ಎಣ್ಣೆ ಬಿಟ್ಟು, ನಾದಿ ನಾದಿ ಬೆಣ್ಣೆ ಮಾಡಿದೆ.

ಬಂಡೆಯ ಮೇಲೆ ಕುರ್ಚಿ ಹಾಕಿಕೊಂಡು ಕೂತರು. ಕೈ ನಡುಗಿದರೂ ಬಿದಿರುಕೋಲು ಬಿಡಲಿಲ್ಲ. ದಾರದ ಬೆಂಡು ಅಲ್ಲಾಡಿದಾಗಲೆಲ್ಲ ಎಳೆದರು; ಬರೀ ಗಾಳ ಬಂತು. ಪಕ್ಕದಲ್ಲಿ ನಾಗರಾಜ ಎರೆಹುಳು ಸಿಕ್ಕಿಸಿ ಒಂದಾದ ಮೇಲೊಂದು ಎಳೆಯುತ್ತಿದ್ದ.

"ಕೈ ಹೋಯ್ತು ಕಣೇ. ಇನ್ಮೇಲೆ ನನ್ನ ಎಲ್ಲಿಗೂ ಕರ್ಕೊಂಡ್ ಬರ್ಬೇಡ" ಅಂದರು.

ನಾಗರಾಜ ನನ್ನ ಡಬ್ಬಿಗೆ ಬೆರಳಿಟ್ಟು ನೋಡಿದ. "ಅಮ್ಮಾ, ಇದು ಮೀನಿಗಾ, ಬೀಗರಿಗಾ? ನೀರಿಗೆ ಬಿಟ್ಟ ತಕ್ಷಣ ಜಾರ್ಕೊಂಡು ಹೋಗತ್ತೆ."

ಐವತ್ತು ವರ್ಷದ ಕೈಹದಕ್ಕೆ ಇವನು ಕೊಂಕು ತೆಗೆಯುವುದೇ? "ಸುಮ್ನಿರೋ, ಹೊಂಡದ ಮೀನಿಗೇನು ಗೊತ್ತು ರುಚಿ!" ಅಂತ ಬಾಯಿ ಮುಚ್ಚಿಸಿದೆ. ಮನೆಗೆ ವಾಪಸು ಬರುವಾಗ ಯಜಮಾನರು ದಾರಿಯುದ್ದಕ್ಕೂ ಬಲಗೈಯನ್ನು ಎಡಗೈಯಿಂದ ಮುಚ್ಚಿಕೊಂಡೇ ಕೂತಿದ್ದರು.

ನಾನು ಓದಿದ್ದು ಮೂರನೇ ಕ್ಲಾಸು. ದೇವರು ಮೊದಲು ಬಂದದ್ದು ಮೀನಾಗಿ, ಅದೂ ಒಬ್ಬ ರಾಜನ ಬೊಗಸೆಗೆ ಅಂತ ಹರಿಕಥೆಯಲ್ಲಿ ಕೇಳಿದ್ದೇನೆ. ಆ ರಾಜ ಯಾವ ಹಿಟ್ಟು ಹಾಕಿದ್ದನೋ ದಾಸರು ಹೇಳಲಿಲ್ಲ. ಹೆಂಡತಿ ನಾದಿಕೊಟ್ಟ ಹೋಳಿಗೆಯ ಕಣಕವಂತೂ ಆಗಿರಲಾರದು. ಮೀನಿಗೆ ಬೇಕಾದ್ದು ಗಟ್ಟಿ ಹಿಟ್ಟು. ಕಾಯಿಲೆಯವರಿಗೂ ಅಷ್ಟೇ ಏನೋ. ನಾವು ಸುಮ್ಮನೆ ಎಣ್ಣೆ ಸುರಿಯುತ್ತಾ ಕೂರುತ್ತೇವೆ.

ಮಾರನೇ ಬೆಳಿಗ್ಗೆ, ಕಾಫಿಗೂ ಮೊದಲೇ, ಅವರ ಮುಂದೆ ಗೋಧಿಹಿಟ್ಟಿನ ತಟ್ಟೆ ಇಟ್ಟೆ. "ರೀ, ಕೆಟ್ಟಿದ್ದು ನಿಮ್ಮ ಕೈಯಲ್ಲ, ನನ್ನ ಹಿಟ್ಟು. ಗಟ್ಟಿಯಾಗಿ ನೀವೇ ಕಲಸಿ" ಅಂದು, ಅವರ ಬಲಗೈಯನ್ನು ಹಿಟ್ಟಿನೊಳಗಿಟ್ಟು, ನೀರು ಹನಿಸಿದೆ.